ಬಿಟ್ಟು ಓದಿದ ಸಾಲು

ನಮ್ಮ ಮನೆಯ ಮೆಟ್ಟುಗತ್ತಿಗೂ ನನ್ನ ಮದುವೆಗೂ ಒಂದೇ ವಯಸ್ಸು. 1993ರಲ್ಲಿ ನಾನು ತವರಿನಿಂದ ಹೊರಟಾಗ ಅಮ್ಮ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪಾತ್ರೆಯ ಚೀಲದ ತಳದಲ್ಲಿ ಇಟ್ಟುಕೊಟ್ಟಿದ್ದಳು. ಆಮೇಲೆ ಮಿಕ್ಸಿ ಬಂತು, ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ ಬಂತು, ಬಣ್ಣಬಣ್ಣದ ಹಿಡಿಯ ಚಾಕುಗಳು ಬಂದವು. ಆದರೂ ಬಾಳೆದಿಂಡು ಹೆಚ್ಚಬೇಕು, ಹಲಸಿನಕಾಯಿ ಸೀಳಬೇಕು ಎಂದರೆ ನನಗೆ ಅದೇ ಆಗಬೇಕು. ಆರು ತಿಂಗಳಿಗೊಮ್ಮೆ ಅದರ ಬಾಯಿ ಮೊಂಡಾಗುತ್ತದೆ. ಆಗ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಪೇಟೆಯ ಕೊನೆಯಲ್ಲಿರುವ ಕಮ್ಮಾರಸಾಲೆಗೆ ಹೋಗುತ್ತೇನೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಪೇಟೆ. ಸಾಲೆಯನ್ನು ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. 1997ರಲ್ಲಿ ಎಂಟನೇ ತರಗತಿಯಲ್ಲಿದ್ದ. ಒತ್ತಕ್ಷರ ಬಂದಲ್ಲೆಲ್ಲ ತಪ್ಪು ಬರೆಯುತ್ತಿದ್ದ; ಚಿತ್ರ ಬಿಡಿಸು ಎಂದರೆ ಮಾತ್ರ ಕಣ್ಣು ಅರಳುತ್ತಿತ್ತು. ಹತ್ತನೆಯದರಲ್ಲಿ ಇಂಗ್ಲಿಷ್ ಒಂದು ವಿಷಯ ಹೋಯಿತು. ಅಲ್ಲಿಗೆ ಪಾಠ ಮುಗಿದು ಅಪ್ಪನ ಪಕ್ಕ ಅಡಿಗಲ್ಲಿನ ಮುಂದೆ ಕುಳಿತ. ಅಡಿಕೆ ತೋಟದವರಿಗೆ ದೋಟಿಯ ಕತ್ತಿ, ಹುಲ್ಲುಗತ್ತಿ, ಗುದ್ದಲಿ, ಹಾರೆಯ ಮೊನೆ ಹೀಗೆ ವರ್ಷವಿಡೀ ಕೆಲಸ.

ಆದರೆ ಆ ಸಾಲೆಗೆ ಹೋದಾಗ ನನ್ನ ಕಣ್ಣಿಗೆ ಮೊದಲು ಬೀಳುತ್ತಿದ್ದವಳು ಅವನ ಹೆಂಡತಿ. ಅವನ ಅಪ್ಪನ ಕಾಲದಲ್ಲಿ ಚರ್ಮದ ತಿದಿ ಇತ್ತು, ಅದನ್ನು ಅವನ ತಾಯಿ ಒತ್ತುತ್ತಿದ್ದಳು. ಇವನ ಕಾಲಕ್ಕೆ ಕೈಯಿಂದ ತಿರುಗಿಸುವ ಗಾಳಿಚಕ್ರ ಬಂತು, ಅದನ್ನು ಇವಳು ತಿರುಗಿಸುತ್ತಿದ್ದಳು. 2004ರಲ್ಲಿ ಮದುವೆಯಾಗಿ ಬಂದ ವಾರಕ್ಕೇ ಆ ಹಿಡಿಕೆಗೆ ಕೈ ಹಾಕಿದ್ದಳಂತೆ. ಕಬ್ಬಿಣ ಕೆಂಪಾಗುತ್ತಿದ್ದಾಗ ಜೋರು, ಅವನು ಇಕ್ಕಳದಲ್ಲಿ ಅದನ್ನು ಹೊರತೆಗೆದಾಗ ನಿಧಾನ. ಅವನು ಹೇಳಬೇಕಾಗಿರಲಿಲ್ಲ. ಬಡಿತದ ನಡುವಿನ ಬಿಡುವಿನಲ್ಲಿ ಇಬ್ಬರೂ ಮನೆಯ ಮಾತಾಡಿಕೊಳ್ಳುತ್ತಿದ್ದರು: ಮಗಳ ಫೀಸು, ದನದ ಹಿಂಡಿ, ನಾದಿನಿಯ ಬಾಣಂತನ. ದೊಡ್ಡ ಕೆಲಸ ಬಂದರೆ ಚಕ್ರ ಬಿಟ್ಟು ಎದ್ದು ಕಾಲು ಅಗಲಿಸಿ ನಿಂತು ದೊಡ್ಡ ಸುತ್ತಿಗೆ ಬೀಸುವುದೂ ಅವಳದ್ದೇ ಕೆಲಸ. ಪೇಟೆಯಲ್ಲಿ ಕೇಳಿದರೆ ಮಾತ್ರ ಎಲ್ಲರೂ ಕಮ್ಮಾರ ಎಂದು ಹೇಳುತ್ತಿದ್ದದ್ದು ಅವನನ್ನು.

2018ರ ಶ್ರಾವಣದಲ್ಲಿ ಒಂದು ಭಾನುವಾರ ಅವನು ನಮ್ಮ ಮನೆಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹದಿನಾಲ್ಕು ಹಾಳೆ. ಬೆಂಗಳೂರಿನಲ್ಲಿದ್ದ ಸೋದರಳಿಯ ಕೊಟ್ಟದ್ದಂತೆ. ಎಲ್ಲ ಇಂಗ್ಲಿಷು, ನಡುನಡುವೆ ಚಿತ್ರ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಗ್ಯಾಸ್ ಕುಲುಮೆಯ ನಾಲ್ಕೈದು ಬಗೆಯ ವಿನ್ಯಾಸಗಳು. “ಅಕ್ಕೋರೆ, ಚಿತ್ರ ನಂಗೆ ತಿಳೀತದೆ. ಬರೆದಿದ್ದು ತಿಳಿಯಾಕಿಲ್ಲ. ಯಾವುದು ಮಾಡಿದ್ರೆ ಒಳ್ಳೇದು ಅಂತ ಓದಿ ಹೇಳ್ಬೇಕು” ಎಂದ.

ಕಾರಣಗಳಿದ್ದವು. ಇದ್ದಿಲಿಗೆ ಬೆಲೆ ಏರಿತ್ತು. ಮಳೆಗಾಲದಲ್ಲಿ ಅದು ತೇವಗೊಂಡು ಹೊಗೆಯಾಡುತ್ತಿತ್ತು. ಅವನ ಅಪ್ಪ ಉಬ್ಬಸದಿಂದ ಹೋಗಿ ಎರಡು ವರ್ಷವಾಗಿತ್ತು. ಇದ್ದಿಲೆಂದರೆ ಕಾಡು, ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದಾಗ ಅದರ ಊದುಕುಲುಮೆ ಉರಿದದ್ದು ಇದ್ದಿಲಿನಿಂದಲೇ. ಮಲೆನಾಡಿನ ಮರಗಳು ಎಷ್ಟು ಉರಿದಿವೆಯೋ! ಹಾಗಾಗಿ ಗ್ಯಾಸ್ ಬಂದರೆ ಒಳ್ಳೆಯದೇ ಎಂದು ನನಗೂ ಅನ್ನಿಸಿತು. ಜೊತೆಗೆ, ಸತ್ಯ ಹೇಳುತ್ತೇನೆ, ಇಪ್ಪತ್ತು ವರ್ಷದ ಹಿಂದೆ ಇಂಗ್ಲಿಷಿನಲ್ಲಿ ನಪಾಸಾದ ಹುಡುಗ ನನ್ನನ್ನು ಹುಡುಕಿಕೊಂಡು ಬಂದನಲ್ಲ ಎಂಬ ಹೆಮ್ಮೆ. ನಾನು ಬಿ.ಎ., ಬಿ.ಎಡ್. ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಕುಲುಮೆಯ ಬಗ್ಗೆ ನನಗೇನು ಗೊತ್ತು ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಕನ್ನಡಕ ಹಾಕಿಕೊಂಡು ಕುಳಿತೆ.

ಓದುತ್ತ ಹೋದಂತೆ ಕುತೂಹಲ ಹುಟ್ಟಿತು. ಒಂದು ಲೋಹದ ಕೊಳವೆ. ಒಳಗೆ ಬೆಂಕಿ ತಡೆಯುವ ಹೊದಿಕೆ. ಮೇಲಿನಿಂದಲೋ ಪಕ್ಕದಿಂದಲೋ ಒಂದು ಬರ್ನರ್. ಎದುರಿಗೆ ಬಾಯಿ. ಇಷ್ಟೇ. ಆದರೆ ಈ ಇಷ್ಟರಲ್ಲಿ ಪ್ರತಿಯೊಂದಕ್ಕೂ ಎರಡು ಮೂರು ದಾರಿ.

ಕೊಳವೆಗೆ ಹಳೆಯ ಗ್ಯಾಸ್ ಸಿಲಿಂಡರನ್ನೇ ಕತ್ತರಿಸಿ ಎಂದು ಆ ಹಾಳೆಯಲ್ಲಿತ್ತು. ಅವನ ಬಳಿ ಎಲ್ಲಿಂದಲೋ ಬಂದ ಒಂದು ಸಿಲಿಂಡರ್ ಬಿದ್ದಿತ್ತಂತೆ. ನಾನು ಬೇಡ ಎಂದೆ. ಖಾಲಿ ಎಂದು ಕಂಡ ಸಿಲಿಂಡರಿನಲ್ಲೂ ಗ್ಯಾಸ್ ಉಳಿದಿರುತ್ತದೆ, ಕತ್ತರಿಸುವ ಕಿಡಿ ಸಾಕು. ಅದಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ಸಿಲಿಂಡರ್ ನಮ್ಮದಲ್ಲ. ನಾವು ಕೊಟ್ಟದ್ದು ಠೇವಣಿ ಮಾತ್ರ, ವಸ್ತು ಕಂಪನಿಯದ್ದು. ಬೇರೆ ದೇಶದಲ್ಲಿ ಅಂಗಡಿಯಿಂದ ಕೊಂಡು ಮನೆಯಲ್ಲಿಟ್ಟುಕೊಳ್ಳುವವರು ಬರೆದದ್ದನ್ನು ಹಾಗೆಯೇ ಇಲ್ಲಿ ಮಾಡಲಾಗದು. ಅವನು ತಲೆಯಾಡಿಸಿ, ಗುಜರಿ ಅಂಗಡಿಯಲ್ಲಿ ಹತ್ತು ಇಂಚಿನ ಕಬ್ಬಿಣದ ಪೈಪಿನ ತುಂಡಿದೆ, ಅದನ್ನೇ ತರುತ್ತೇನೆ ಎಂದ. ಉರಿಸುವ ಗ್ಯಾಸಿನ ವಿಷಯದಲ್ಲೂ ಹೀಗೆಯೇ ಉಪದೇಶ ಮಾಡಿದೆ. ಮನೆಯ 14.2 ಕಿಲೋ ಸಿಲಿಂಡರನ್ನು ಕಸುಬಿಗೆ ಬಳಸುವಂತಿಲ್ಲ, 19 ಕಿಲೋದ್ದನ್ನೇ ತರಬೇಕು. ಒತ್ತಡ ಹೆಚ್ಚು ಕಡಿಮೆ ಮಾಡುವ ಬೇರೆ ರೆಗ್ಯುಲೇಟರೇ ಬೇಕು; ಅಡಿಗೆಮನೆಯದ್ದು ಇದಕ್ಕೆ ಸಾಲದು.

ಬರ್ನರಿನಲ್ಲಿ ಎರಡು ಜಾತಿ. ಒಂದಕ್ಕೆ ವಿದ್ಯುತ್ ಫ್ಯಾನಿನಿಂದ ಗಾಳಿ ಊದಬೇಕು. ಇನ್ನೊಂದಕ್ಕೆ ಫ್ಯಾನೇ ಬೇಡ. ಸೂಜಿತೂತಿನಿಂದ ರಭಸವಾಗಿ ನುಗ್ಗುವ ಗ್ಯಾಸೇ ಸುತ್ತಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ಗ್ಯಾಸ್ ಒಲೆಯೂ ಇದೇ ತತ್ತ್ವದ್ದು, ಬರ್ನರಿನ ಕೊರಳಿನಲ್ಲಿ ಒಂದು ತೂತು ಇರುತ್ತದಲ್ಲ, ಅದು ಇದಕ್ಕಾಗಿಯೇ. ಫ್ಯಾನಿನದು ಹೆಚ್ಚು ಶಾಖ ಕೊಡುತ್ತದೆ, ಹತೋಟಿಯೂ ಸುಲಭ. ಆದರೆ ಕರೆಂಟು ಹೋದರೆ? ಗಾಳಿ ನಿಂತು ಗ್ಯಾಸು ಮಾತ್ರ ಬರುತ್ತಿರುತ್ತದೆ. ಆಷಾಢದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ನಮ್ಮೂರಿಗೆ ಫ್ಯಾನು ಬೇಡವೆಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಆ ಹೊತ್ತಿಗೆ ನಮಗೆ ನಮ್ಮ ಜಾಣತನದ ಬಗ್ಗೆ ತುಂಬಾ ವಿಶ್ವಾಸ ಬಂದಿತ್ತು.

ಬಾಯಿಯ ವಿಷಯ ಅವನೇ ಹೇಳಿದ. ಹಾರೆಯಂಥ ಉದ್ದದ ವಸ್ತುವಿನ ನಡುಭಾಗ ಕಾಯಬೇಕಾದರೆ ಹಿಂದೆಯೂ ಒಂದು ಕಂಡಿ ಬೇಕು. ಇದ್ದಿಲಿನ ಬೆಂಕಿ ಕೆಲಸಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಗ್ಯಾಸಿನ ಕುಲುಮೆ ಒಮ್ಮೆ ಕಟ್ಟಿದರೆ ಕಟ್ಟಿದ್ದೇ. ಅದರ ಬಾಯಿಗೆ ಹಿಡಿಸುವ ಕೆಲಸವನ್ನೇ ನಾವು ಹುಡುಕಬೇಕು. ಇದನ್ನು ಅವನು ಹೇಳಿದಾಗ ನನಗೆ ನಮ್ಮ ಸೈಟಿನಲ್ಲಿ ಕಟ್ಟಿದ ಮನೆ ನೆನಪಾಯಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಕೊನೆಗೆ ಒಳಹೊದಿಕೆ. ಗಟ್ಟಿ ಬೆಂಕಿ ಇಟ್ಟಿಗೆ, ಹಗುರವಾದ ಇಟ್ಟಿಗೆ, ಸೆರಾಮಿಕ್ ಉಣ್ಣೆ ಹೀಗೆ ಮೂರು. ಗಟ್ಟಿ ಇಟ್ಟಿಗೆ ಬಾಳಿಕೆ ಬರುತ್ತದೆ, ಆದರೆ ಮೊದಲು ತಾನೇ ಶಾಖ ಕುಡಿಯುತ್ತದೆ. ಗಂಟೆಗಟ್ಟಲೆ ಉರಿಸಿದ ಮೇಲೆ ಕಬ್ಬಿಣಕ್ಕೆ ಬಿಡುತ್ತದೆ. ಹಗುರ ಇಟ್ಟಿಗೆ ಬೇಗ ಕಾಯುತ್ತದೆ, ಬೇಗ ಬಿರುಕು ಬಿಡುತ್ತದೆ. ಉಣ್ಣೆ ಎಂದರೆ ಬಿಳಿಯ ಹಾಸಿಗೆಯಂಥದ್ದು, 1260 ಡಿಗ್ರಿ ತಾಳುತ್ತದೆ, ಕತ್ತರಿಯಲ್ಲಿ ಕತ್ತರಿಸಿ ಪೈಪಿನೊಳಗೆ ಸುತ್ತಿದರಾಯಿತು. ಹತ್ತೇ ನಿಮಿಷದಲ್ಲಿ ಕಬ್ಬಿಣ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಗ್ಯಾಸು ಉಳಿಯುತ್ತದೆ. “ಇದೇ ಸೈ” ಎಂದ ಅವನು.

ಆ ಭಾಗದ ಕೆಳಗೆ ಒಂದು ಪ್ಯಾರಾ ಇತ್ತು. ಎಂಟೋ ಹತ್ತೋ ಸಾಲು, ದಪ್ಪ ಅಕ್ಷರದಲ್ಲಿ. ಅದರಲ್ಲಿ ‘ರಿಜಿಡೈಜರ್’ ಎಂಬ ಪದ ಬಂತು, ‘ಕೊಲಾಯ್ಡಲ್’ ಎಂದು ಬಂತು, ಮತ್ತೇನೋ. ನಾನು ಎರಡು ಸಲ ಓದಿದೆ, ಅರ್ಥವಾಗಲಿಲ್ಲ. ಗಡಿಯಾರ ನೋಡಿದೆ. ಒಲೆಯ ಮೇಲೆ ಕುಕ್ಕರ್ ಇತ್ತು, ಮೇಜಿನ ಮೇಲೆ ತಿದ್ದಬೇಕಾದ ಕಿರುಪರೀಕ್ಷೆಯ ಕಟ್ಟು ಇತ್ತು. “ಇದೇನು ಅಕ್ಕೋರೆ?” ಎಂದು ಅವನು ಬೆರಳಿಟ್ಟು ಕೇಳಿದ. ನಾನು ಹೇಳಿದೆ: “ಅದೇನೋ ಮೇಲಿಂದ ಬಳಿಯುವ ಲೇಪದ ವಿಷಯ. ಅಷ್ಟೇನೂ ಮುಖ್ಯವಲ್ಲ.”

‘ಗೊತ್ತಿಲ್ಲ’ ಎಂಬ ಪದಕ್ಕೂ ‘ಮುಖ್ಯವಲ್ಲ’ ಎಂಬ ಪದಕ್ಕೂ ಎಷ್ಟು ಅಂತರ! ಮೊದಲನೆಯದನ್ನು ಹೇಳಿದ್ದರೆ ಅವನು ಆ ಹಾಳೆಯನ್ನು ಮಡಚಿಕೊಂಡು ಬೇರೊಬ್ಬರ ಬಳಿಗೆ ಹೋಗುತ್ತಿದ್ದ. ಎರಡನೆಯದು ಆ ಬಾಗಿಲನ್ನೇ ಮುಚ್ಚಿತು. ಮೂವತ್ತು ವರ್ಷ ಪಾಠ ಮಾಡಿದವರಿಗೆ ಈ ಅಭ್ಯಾಸ ರಕ್ತದಲ್ಲೇ ಇಳಿದಿರುತ್ತದೆ. ತರಗತಿಯಲ್ಲಿ ಕೈಯೆತ್ತಿ ಕೇಳಿದ ಮಗುವಿಗೆ ‘ಅದು ಪರೀಕ್ಷೆಗೆ ಬರುವುದಿಲ್ಲ ಕೂತ್ಕೋ’ ಎಂದು ನಾವು ಹೇಳುವುದಿಲ್ಲವೇ? ಅದೇ ಧಾಟಿ.

ದೀಪಾವಳಿಯ ಹೊತ್ತಿಗೆ ಕುಲುಮೆ ಸಿದ್ಧವಾಯಿತು. ನನ್ನನ್ನೂ ಕರೆದಿದ್ದ. ಆಯುಧಪೂಜೆಗೇ ಆಗಬೇಕಿತ್ತು, ಉಣ್ಣೆ ಬರುವುದು ತಡವಾಯಿತು. ಪೈಪಿಗೆ ನಾಲ್ಕು ಕಾಲು ಬೆಸೆದು ನಿಲ್ಲಿಸಿದ್ದ. ಬೆಂಕಿ ಹಚ್ಚಿದಾಗ ಗುಂಯ್ ಎಂದು ಶುರುವಾದ ಸದ್ದು ಮೊರೆತವಾಯಿತು. ಕತ್ತಿಯ ಪಟ್ಟಿ ನೋಡನೋಡುತ್ತಲೇ ಚೆರ್ರಿ ಕೆಂಪಾಗಿ, ಕಿತ್ತಳೆಯಾಯಿತು. ನಾನು ಚಪ್ಪಾಳೆ ತಟ್ಟಿದೆ. ಅವಳು ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ಸುತ್ತುತ್ತ ನೋಡುತ್ತಿದ್ದಳು. ಗಾಳಿಚಕ್ರ ಮೂಲೆಯಲ್ಲಿತ್ತು. ಅದರ ಹಿಡಿಕೆಗೆ ಯಾರೋ ಗೋಣಿಚೀಲ ತೂಗುಹಾಕಿದ್ದರು.

ನಮ್ಮಮ್ಮನ ನೆನಪಾಯಿತು. 1986ರಲ್ಲಿ ಮನೆಗೆ ಗ್ಯಾಸ್ ಒಲೆ ಬಂದಾಗ ಅವಳು ಎರಡು ತಿಂಗಳು ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಇಟ್ಟಿದ್ದಳು. ನೆಂಟರು ಬಂದರೆ ಮಾತ್ರ ಕಾಫಿ. ಉಳಿದ ಹೊತ್ತೆಲ್ಲ ಸೌದೆ ಒಲೆ, ಊದುಗೊಳವೆ, ಕಣ್ಣಲ್ಲಿ ನೀರು. ಸೀಮೆಎಣ್ಣೆ ಸ್ಟೋವ್ ಸಿಡಿದು ಸತ್ತ ಸೊಸೆಯಂದಿರ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿದ್ದ ಕಾಲ. ಸಿಡಿದದ್ದು ಸ್ಟೋವೋ ಮತ್ತೇನೋ ಎಂದು ಹೆಂಗಸರೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೊಸ ಬೆಂಕಿಯನ್ನು ಕಂಡರೆ ನಮ್ಮವರು ಹಿಂದೆ ಸರಿದದ್ದು ಬರೀ ಅಜ್ಞಾನದಿಂದ ಎಂದು ಹೇಳುವವರಿಗೆ ಅಡಿಗೆಮನೆ ಗೊತ್ತಿಲ್ಲ.

ನಾನು ಮತ್ತೆ ಸಾಲೆಗೆ ಹೋದದ್ದು ಮಾರನೆಯ ವರ್ಷ ಮಾರ್ಚಿನಲ್ಲಿ, ಅದೇ ಮೆಟ್ಟುಗತ್ತಿ ಹಿಡಿದುಕೊಂಡು. ಅವನು ಇರಲಿಲ್ಲ. ಅವಳು ಕಸ ಗುಡಿಸುತ್ತಿದ್ದಳು. ನೆಲದ ಮೇಲೆ ಬೂರುಗದ ಹತ್ತಿಯ ಪುಡಿಯಂಥ ಬಿಳಿಯ ಧೂಳು. ಬಿಸಿಲುಕೋಲಿನಲ್ಲಿ ಅದು ಮೇಲೇರಿ ಮಿನುಗುತ್ತಿತ್ತು. ಗುಡಿಸಿ ಮೊರಕ್ಕೆ ತುಂಬಿ, ಮೊರ ಕೊಡವಿದಳು. ಕೆಮ್ಮಿದಳು. ಮುಂಗೈ ಕೆರೆದುಕೊಂಡಳು. “ಅದೇನೋ ಅಕ್ಕೋರೆ, ದಿನಾ ಉದುರ್ತದೆ. ಮೈಯೆಲ್ಲ ನವೆ” ಎಂದಳು. ಕುಲುಮೆಯ ಬಾಯಲ್ಲಿ ಇಣುಕಿ ನೋಡಿದೆ. ಉಣ್ಣೆಯ ಅಂಚು ಹರಿದ ಹಾಸಿಗೆಯಂತೆ ಎಳೆಎಳೆಯಾಗಿ ಜೋತಿತ್ತು. ಯಾವ ಲೇಪವೂ ಇರಲಿಲ್ಲ.

ಅವತ್ತು ಆ ಹಾಳೆಗಳನ್ನು ಕೇಳಿ ತಂದೆ. ಮಾರನೆಯ ದಿನ ನಮ್ಮ ಶಾಲೆಯ ವಿಜ್ಞಾನದ ಮೇಷ್ಟರ ಮುಂದಿಟ್ಟೆ. ಅವರು ಆ ದಪ್ಪಕ್ಷರದ ಪ್ಯಾರಾ ಓದಿ ಕನ್ನಡಕ ತೆಗೆದರು. ಆ ಉಣ್ಣೆ ಉಣ್ಣೆಯಲ್ಲ, ಅಲ್ಯುಮಿನಾ ಮತ್ತು ಸಿಲಿಕಾದ ಎಳೆ. ಬಿಸಿಯಾಗಿ ಆರಿ, ಬಿಸಿಯಾಗಿ ಆರಿ ಅದು ಪುಡಿಯಾಗುತ್ತದೆ. ಬಹಳ ಕಾಯಿಸಿದ ಮೇಲೆ ಅದರಲ್ಲಿ ಪುಪ್ಪುಸಕ್ಕೆ ಕೆಡುಕಾದ ಹರಳು ಸಿಲಿಕಾ ಹುಟ್ಟುತ್ತದೆ. ಅಂತರರಾಷ್ಟ್ರೀಯ ಸಂಸ್ಥೆಯ ಪಟ್ಟಿಯಲ್ಲಿ ಈ ಎಳೆಗಳು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಸಾಲಿನಲ್ಲಿವೆ. ಆದ್ದರಿಂದ ಮೊದಲು ಸಿಲಿಕಾದ ದ್ರವ ಸಿಂಪಡಿಸಿ ಗಟ್ಟಿ ಮಾಡಬೇಕು, ಅದಕ್ಕೇ ರಿಜಿಡೈಜರ್ ಎನ್ನುವುದು. ಅದರ ಮೇಲೆ ಬೆಂಕಿ ತಾಳುವ ಗಾರೆ ಬಳಿಯಬೇಕು. ಕೆಲಸ ಮಾಡುವಾಗ ಒಳ್ಳೆಯ ಮುಖಗವಸು ಹಾಕಬೇಕು. ಉದುರಿದ್ದನ್ನು ಒಣದಾಗಿ ಗುಡಿಸಬಾರದು, ನೀರು ಚಿಮುಕಿಸಿ ಒರೆಸಬೇಕು. ಎಲ್ಲವೂ ಆ ಹತ್ತು ಸಾಲಿನಲ್ಲಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏನು ಮಾಡಬೇಕೆಂಬುದು ಸ್ಪಷ್ಟವಿತ್ತು, ಹೋಗಿ ಹೇಳಬೇಕು. ಆದರೆ ಹೇಗೆ? ‘ಈಗ ಇನ್ನೊಂದು ವಿಷಯ ತಿಳಿಯಿತು, ಲೇಪ ಬಳಿದುಬಿಡಿ’ ಎಂದರೆ ಕೆಲಸವೂ ಆಗುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಅದರಲ್ಲಿ ಸುಳ್ಳೇನಿದೆ? ನಿಜಕ್ಕೂ ನನಗೆ ಈಗಲೇ ತಿಳಿದದ್ದು. ಪೂಜೆಯ ಕೊನೆಯಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸು ಎಂದು ಕೈ ಮುಗಿಯುತ್ತೇವೆ. ಆದರೆ ನನ್ನದು ಈ ಎರಡರಲ್ಲಿ ಯಾವುದು? ಉಣ್ಣೆಯ ವಿಷ ನನಗೆ ತಿಳಿದಿರಲಿಲ್ಲ, ಸರಿ. ನನಗೆ ತಿಳಿದಿಲ್ಲ ಎಂಬುದು ತಿಳಿದಿತ್ತಲ್ಲ! ಅದನ್ನು ಮುಚ್ಚಿದ್ದು ಗೊತ್ತಿದ್ದೇ. ಮತ್ತೊಬ್ಬರಿಗಾಗಿ ಓದುವವರ ಸ್ಥಾನ ವಿಚಿತ್ರವಾದದ್ದು. ನನಗಾಗಿ ಓದುವಾಗ ಒಂದು ಸಾಲು ಬಿಟ್ಟರೆ ನಷ್ಟ ನನಗೆ. ಮತ್ತೊಬ್ಬರಿಗಾಗಿ ಓದುವಾಗ ಬಿಟ್ಟರೆ, ಬಿಟ್ಟದ್ದು ಅವರಿಗೆ ತಿಳಿಯುವುದೇ ಇಲ್ಲ. ಮಾತ್ರೆಯ ಡಬ್ಬಿಯ ಮೇಲಿನ ಬರಹ, ಬ್ಯಾಂಕಿನ ಕಾಗದ, ಕೋರ್ಟಿನ ನೋಟೀಸು ಹಿಡಿದು ನಮ್ಮ ಹತ್ತಿರ ಬರುವವರಿಗೆ ನಾವು ಎಷ್ಟು ಸಾಲು ಓದಿದ್ದೇವೆ, ಎಷ್ಟು ಬಿಟ್ಟಿದ್ದೇವೆ?

ಬೆಳಿಗ್ಗೆ ಹೋಗಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಆ ಪ್ಯಾರಾ ನನಗೆ ಅರ್ಥವಾಗಿರಲಿಲ್ಲ, ಆದರೂ ಮುಖ್ಯವಲ್ಲ ಎಂದೆ, ತಪ್ಪು ನನ್ನದು ಎಂದೆ. ಅವನು ತಕ್ಷಣ, “ಅಯ್ಯೋ, ನಿಮ್ಮದೇನು ತಪ್ಪು ಬಿಡಿ ಅಕ್ಕೋರೆ” ಎಂದ. ಗುರುವಿನ ತಪ್ಪನ್ನು ಒಪ್ಪಲು ಅವನಿಗೇ ಸಂಕೋಚ. ಅವಳು ಸುಮ್ಮನಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ಅದರಾಗೆ ಕಸ ಗುಡಿಸೋಳ ವಿಷಯ ಬರೆದಿತ್ತಾ?”

ಬರೆದಿತ್ತು. ಹೌದು ಎಂದೆ.

ಬಿ.ಎ.ಯಲ್ಲಿ ನನಗೆ ತತ್ತ್ವಶಾಸ್ತ್ರ ಒಂದು ಐಚ್ಛಿಕ ವಿಷಯವಾಗಿತ್ತು. ಗ್ರೀಸಿನ ಪ್ಲೇಟೋ ಒಂದು ಕಡೆ ಹೇಳುತ್ತಾನೆ: ವಸ್ತುವಿನ ಒಳಿತು ಕೆಡುಕು ಮಾಡುವವನಿಗಿಂತ ಬಳಸುವವನಿಗೆ ಹೆಚ್ಚು ಗೊತ್ತು, ಕೊಳಲು ಮಾಡುವವನು ಕೊಳಲೂದುವವನ ಮಾತು ಕೇಳಬೇಕು. ಅವನ ಶಿಷ್ಯ ಅರಿಸ್ಟಾಟಲ್ ಅದನ್ನು ಮುಂದುವರಿಸಿ, ಮನೆಯ ಗುಣವನ್ನು ಕಟ್ಟಿದವನಿಗಿಂತ ವಾಸಿಸುವ ಯಜಮಾನ ಚೆನ್ನಾಗಿ ಬಲ್ಲ, ಊಟದ ಗುಣವನ್ನು ಅಡಿಗೆಯವನಿಗಿಂತ ಅತಿಥಿ ಬಲ್ಲ ಎನ್ನುತ್ತಾನೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿ ಬರೆದಿದ್ದೆ, ಅಂಕವೂ ಬಂದಿತ್ತು. ಅವಳ ಪ್ರಶ್ನೆ ಕೇಳಿದ ಮೇಲೆ ಆ ಪಾಠ ಬೇರೆ ಥರ ಕಂಡಿತು. ಮನೆಯನ್ನು ಬಲ್ಲವನು ಯಜಮಾನನೇ ಯಾಕೆ? ಅದನ್ನು ದಿನಕ್ಕೆ ಎರಡು ಸಲ ಗುಡಿಸುವವಳು ಅರಿಸ್ಟಾಟಲನ ಕಣ್ಣಿಗೆ ಬೀಳಲಿಲ್ಲವೇ? ಬೀಳಲಿಲ್ಲ ಅನ್ನಿಸುತ್ತದೆ. ಅದೇ ಗ್ರಂಥದಲ್ಲಿ ಆಳನ್ನು ಜೀವವಿರುವ ಉಪಕರಣ ಎಂದವನು ಅವನು. ಮಗ್ಗದ ಲಾಳಿ ತಾನಾಗಿಯೇ ನೇಯುವಂತಿದ್ದರೆ ಯಜಮಾನರಿಗೆ ಆಳುಗಳೇ ಬೇಕಾಗುತ್ತಿರಲಿಲ್ಲ ಎಂದೂ ಹೇಳುತ್ತಾನೆ.

ತಾನಾಗಿಯೇ ಗಾಳಿ ಎಳೆದುಕೊಳ್ಳುವ ಬರ್ನರ್ ಬಂತಲ್ಲ ನಮ್ಮ ಸಾಲೆಗೆ! ಹದಿನಾಲ್ಕು ವರ್ಷ ಚಕ್ರ ತಿರುಗಿಸಿದವಳು ಹಳೆಯ ಕುಲುಮೆಯ ಒಂದು ಅಂಗವಾಗಿದ್ದಳು. ಹೊಸ ಕುಲುಮೆಯ ಚಿತ್ರದಲ್ಲಿ ಆ ಅಂಗ ಇರಲಿಲ್ಲ, ಆದ್ದರಿಂದ ಅವಳೂ ಇರಲಿಲ್ಲ. ಹದಿನಾಲ್ಕು ಹಾಳೆಯನ್ನು ಅವನೂ ನಾನೂ ಮೂರು ಗಂಟೆ ಚರ್ಚಿಸಿದೆವು. ಶಾಖ ಎಷ್ಟು, ಗ್ಯಾಸು ಎಷ್ಟು, ಕತ್ತಿ ಎಷ್ಟು ಹೊತ್ತಿಗೆ ಕಾಯುತ್ತದೆ. ಅವಳು ಎಲ್ಲಿ ನಿಲ್ಲುತ್ತಾಳೆ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವನ ಮಾತು ಬಿಡಿ, ನಾನೂ ಹೆಂಗಸೇ.

ಈಗ ನಮ್ಮ ಮನೆಯ ಮಾತು. 1999ರಲ್ಲಿ ನಾವು ಮನೆ ಕಟ್ಟಿಸಿದೆವು. ಅಡಿಗೆಮನೆಯ ಕಟ್ಟೆಯ ಎತ್ತರವನ್ನು ನನ್ನ ಯಜಮಾನರೂ ಮೇಸ್ತ್ರಿಯೂ ನಿಂತು ನಿರ್ಧರಿಸಿದರು. ಯಜಮಾನರು ಐದಡಿ ಹತ್ತಿಂಚು, ನಾನು ಐದಡಿಗೆ ಒಂದಿಂಚು ಕಡಿಮೆ. ಇಪ್ಪತ್ತೈದು ವರ್ಷದಿಂದ ದೋಸೆ ಹೊಯ್ಯುವಾಗ ಮೊಣಕೈ ಎತ್ತಿ ಹಿಡಿಯುತ್ತೇನೆ. ಭುಜದ ನೋವಿಗೆ ಮುಲಾಮು ಹಚ್ಚುತ್ತೇನೆ. ಅವರೇನೂ ಕೆಟ್ಟವರಲ್ಲ, ಕಪ್ಪು ಕಡಪ ಕಲ್ಲಿಗೆ ಖರ್ಚು ಹೆಚ್ಚಾದರೂ ಹಾಕಿಸಿದರು, ನನಗಾಗಿ. ಕಲ್ಲು ಯಾವುದು ಬೇಕು ಎಂದು ಕೇಳಿದ್ದರು. ಎತ್ತರ ಎಷ್ಟಿರಲಿ ಎಂದು ಕೇಳುವುದು ಅವರಿಗೆ ಹೊಳೆಯಲಿಲ್ಲ, ಹೇಳುವುದು ನನಗೂ ಹೊಳೆಯಲಿಲ್ಲ. ನೀವು ಓದುವುದನ್ನು ನಿಲ್ಲಿಸಿ ಒಮ್ಮೆ ನಿಮ್ಮ ಕಟ್ಟೆಯ ಮುಂದೆ ನಿಂತು ನೋಡಿ.

ಎರಡನೆಯ ಸಲ ಕುಲುಮೆಯ ವಿನ್ಯಾಸ ಆರಿಸುವಾಗ ಮೂವರೂ ಕೂತೆವು. ವಿಜ್ಞಾನದ ಮೇಷ್ಟರೂ ಒಂದು ಸಂಜೆ ಬಂದರು. ಈ ಸಲ ಅರ್ಥವಾಗದ ಪದ ಬಂದಲ್ಲಿ ‘ನನಗೆ ಗೊತ್ತಿಲ್ಲ’ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಏಳು ಗೆರೆಗಳಾದವು. ಮೊದಮೊದಲು ಅವಳು ಮಾತಾಡಲಿಲ್ಲ. ಮೇಷ್ಟರು ಅಡಿಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ ಎಂದು ವಿವರಿಸುತ್ತಿದ್ದರು. ಅವಳು ಥಟ್ಟನೆ ಕೇಳಿದಳು: “ಅಂದ್ರೆ ನೀರು ಹರಿದಲ್ಲಿಗೇ ಹರೀತದೆ ಅಂತಾಯ್ತಲ್ಲ?” ಹೌದು ಎಂದರು ಮೇಷ್ಟರು. “ಹಾಗಾರೆ ಅದು ನನ್ನ ಒಲೆ ಹತ್ರ ಬರ್ತದೆ. ಜೋರು ಮಳೆ ಹೊಡೆದ್ರೆ ಸಾಲೆ ನೀರು ಎಲ್ಲ ಅಡಿಗೆಮನೆಗೇ ಇಳಿಯೋದು.”

ಮೇಷ್ಟರು ಎದ್ದು ಹೋಗಿ ನೋಡಿದರು. ಸಾಲೆಗಿಂತ ಅಡಿಗೆಮನೆ ಎರಡು ಮೆಟ್ಟಿಲು ಕೆಳಗಿತ್ತು. ನಡುವೆ ಬಾಗಿಲಿಲ್ಲದ ಕಂಡಿ. ಅಲ್ಲಿ ಬೆಳಗ್ಗೆ ಐದರಿಂದ ಸೌದೆ ಒಲೆ ಉರಿಯುತ್ತಿತ್ತು. ಹಳೆಯ ಕುಲುಮೆಯ ಮುಂದೆ ಕಾಲು ಇಳಿಬಿಟ್ಟು ಕೂರುವ ಗುಂಡಿಯೂ ಹಾಗೇ ಇತ್ತು. ಸಿಲಿಂಡರ್ ನಿಂತಿದ್ದದ್ದು ಆ ಗುಂಡಿಯ ಅಂಚಿನಲ್ಲಿ. ಮೇಷ್ಟರು ಏನೂ ಹೇಳಲಿಲ್ಲ, ನೀರು ಕೇಳಿ ಕುಡಿದರು.

ಆಮೇಲೆ ಅವಳು ಹೇಳಿದ್ದೆಲ್ಲ ನಡೆಯಿತು ಎಂದರೆ ತಪ್ಪಾಗುತ್ತದೆ. ಕೆಲವು ನಡೆದವು. ಗುಂಡಿ ಮುಚ್ಚಿದರು. ಸಿಲಿಂಡರ್ ಹೊರಗಿನ ಜಗಲಿಗೆ ಹೋಯಿತು. ಕಂಡಿಗೆ ಮೊಣಕಾಲೆತ್ತರದ ಕಟ್ಟೆ ಬಂತು, ಹೊರಗೋಡೆಯಲ್ಲಿ ನೆಲಮಟ್ಟದಲ್ಲಿ ಎರಡು ಕಿಂಡಿ. ಕಣ್ಣಿಗೂ ಮೂಗಿಗೂ ತಿಳಿಯದ ಕಾರ್ಬನ್ ಮೊನಾಕ್ಸೈಡ್ ಹೋಗಲೆಂದು ಮಾಡಿನ ಎರಡು ಸಾಲು ಹೆಂಚು ತೆಗೆದು ಎತ್ತರಿಸಿದರು. ಉರಿ ನಿಲ್ಲಿಸುವ ತಿರುಗಣೆಯನ್ನು ಬಾಗಿಲ ಪಕ್ಕ ಹಾಕಿಸಿದ್ದು ಅವಳೇ, “ಓಡಿ ಹೋಗೋ ದಾರೀಲಿ ಇರ್ಲಿ” ಎಂದು. ಹೊದಿಕೆಯ ವಿಷಯದಲ್ಲಿ ಗಂಡ ಹೆಂಡತಿಗೆ ಜಗಳವೇ ಆಯಿತು. ಉಣ್ಣೆಯ ಮೇಲೆ ಲೇಪ ಬಳಿದರೆ ಸಾಕು, ಗ್ಯಾಸು ಉಳಿಯುತ್ತದೆ ಎಂದು ಅವನು. ಲೇಪ ಒಂದು ದಿನ ಬಿರಿಯುತ್ತದೆ, ಬಿರಿದದ್ದು ಯಾರಿಗೆ ಕಾಣುತ್ತದೆ ಎಂದು ಅವಳು. ಅವನ ಮಾತಿನಲ್ಲೂ ಅರ್ಥವಿತ್ತು. ದಿನದ ಗ್ಯಾಸಿನ ಖರ್ಚು ಅಂದರೆ ಮಗಳ ಹಾಸ್ಟೆಲ್ಲಿನ ಖರ್ಚು. ನನ್ನನ್ನು ಕೇಳಿದರು. ನಾನು ಆ ಸಲ ಯಾವುದನ್ನೂ ಹೇಳಲಿಲ್ಲ, ನನಗೆ ಹೇಳುವ ಹಕ್ಕು ಉಳಿದಿದೆ ಅನ್ನಿಸಲಿಲ್ಲ. ಕೊನೆಗೆ ಹಗುರ ಇಟ್ಟಿಗೆಯ ಚೌಕದ ಕುಲುಮೆ ಆಯಿತು. ಒಡೆದರೆ ಒಂದೊಂದೇ ಇಟ್ಟಿಗೆ ಬದಲಿಸಬಹುದು. ಕಾಯಲು ಇನ್ನಷ್ಟು ಹೊತ್ತು ಬೇಕು. ಅವನು ಇವತ್ತಿಗೂ ಗೊಣಗುತ್ತಾನೆ. ಹಳೆಯ ಉಣ್ಣೆಯನ್ನು ನೀರಿನಲ್ಲಿ ನೆನೆಸಿ, ಎರಡು ಚೀಲದಲ್ಲಿ ಕಟ್ಟಿ, ದೂರದಲ್ಲಿ ಹೂತದ್ದು ಅವನು, ಮುಖಕ್ಕೆ ಗವಸು ಹಾಕಿಕೊಂಡು. ಅವಳನ್ನು ಹತ್ತಿರ ಬರಲು ಬಿಡಲಿಲ್ಲ.

ಅವಳ ಕೆಮ್ಮು ನಿಂತಿಲ್ಲ, ಹೆಚ್ಚೂ ಆಗಿಲ್ಲ. ಶಿವಮೊಗ್ಗಕ್ಕೆ ನಾನೇ ಕರೆದುಕೊಂಡು ಹೋಗಿ ಎಕ್ಸ್‌ರೇ ಮಾಡಿಸಿದೆ. ಡಾಕ್ಟರು ನೋಡಿ, ಹದಿನಾಲ್ಕು ವರ್ಷದ ಇದ್ದಿಲ ಹೊಗೆಯೋ, ಸೌದೆ ಒಲೆಯೋ, ಐದು ತಿಂಗಳ ಆ ಧೂಳೋ, ಬಿಡಿಸಿ ಹೇಳಲಾಗದು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಆನಂದಪುರ ದಾಟಿದ ಮೇಲೆ ಅವಳು ಒಂದು ಮಾತು ಹೇಳಿದಳು: “ಚಕ್ರ ತಿರುಗಿಸೋದು ತಪ್ಪಿದ್ದು ಒಳ್ಳೇದಾಯ್ತು ಅಕ್ಕೋರೆ, ರಟ್ಟೆ ಬಿದ್ದು ಹೋಗಿತ್ತು. ಆದ್ರೆ ಆ ಬರ್ನರು ಎಷ್ಟು ಸದ್ದು ಮಾಡ್ತದೆ ಅಂದ್ರೆ ಮಾತೇ ಕೇಳಾಕಿಲ್ಲ. ಈಗ ಅವರು ಅಲ್ಲಿ, ನಾನು ಇಲ್ಲಿ.” ಇದಕ್ಕೆ ಪರಿಹಾರ ಯಾವ ಹಾಳೆಯಲ್ಲೂ ಇರಲಿಲ್ಲ. ನಾನು ಕಿಟಕಿಯ ಹೊರಗೆ ನೋಡಿದೆ.

2023ರ ಸೆಪ್ಟೆಂಬರಿನಲ್ಲಿ ಕುಶಲಕರ್ಮಿಗಳಿಗೆಂದು ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆ ಶುರುವಾಯಿತು. ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ. ಅದರ ಕಾಗದ ಹಿಡಿದು ಇಬ್ಬರೂ ನಮ್ಮ ಮನೆಗೆ ಬಂದರು. ಅಡಿಟಿಪ್ಪಣಿಯನ್ನೂ ಬಿಡದೆ ಓದಿದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಎಂಬ ಸಾಲು ಬಂತು. ಅದನ್ನೂ ಓದಿ ನಿಲ್ಲಿಸಿದೆ. ಯಾರ ಹೆಸರು ಎಂದು ಯಾರೂ ಕೇಳಲಿಲ್ಲ. ಅವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗಿ ತೊಳೆದಿಟ್ಟಳು. ಅವನ ಹೆಸರು ಬರೆಸಿದರು.

ನಾನು ಈಗಲೂ ಆರು ತಿಂಗಳಿಗೊಮ್ಮೆ ಮೆಟ್ಟುಗತ್ತಿ ತೆಗೆದುಕೊಂಡು ಹೋಗುತ್ತೇನೆ. ಮೊದಲೆಲ್ಲ ಅವರು ನನ್ನಿಂದ ಹಣ ತೆಗೆದುಕೊಳ್ಳುತ್ತಿರಲಿಲ್ಲ. ‘ಅಕ್ಕೋರ ಹತ್ರ ಎಂಥ ದುಡ್ಡು’ ಎಂದು ಅವಳೇ ನನ್ನ ಕೈ ತಳ್ಳುತ್ತಿದ್ದಳು. ಈಗ ಅವಳು ತೆಗೆದುಕೊಳ್ಳುತ್ತಾಳೆ. ನಲವತ್ತು ರೂಪಾಯಿ. ಐವತ್ತರ ನೋಟು ಕೊಟ್ಟರೆ ಸೊಂಟದ ಚೀಲ ಬಿಚ್ಚಿ ಹತ್ತು ರೂಪಾಯಿ ಹುಡುಕಿ ಕೊಡುತ್ತಾಳೆ. ಚಿಲ್ಲರೆ ಇಲ್ಲದಿದ್ದರೆ, ಮುಂದಿನ ಸಲ ಬಂದಾಗ ನೆನಪಿಟ್ಟು ಕೊಡುತ್ತಾಳೆ.